ಗುಟ್ಟೋರ್ಮುರ್ ತಿರುಗಿ ನೋಡಲಿಲ್ಲ

ಸೇದಿಸ್‌ಫಿಯೋರ್ದುರ್
9 ಅಕ್ಟೋಬರ್ 2022

ಪ್ರೀತಿಯ ಸೋಲ್ರೂನ್‌ಗೆ,

ಕಳೆದ ವಾರ ಬೆಸ್ಸಿ ಫೋನ್ ಮಾಡಿದ್ದ. ನನ್ನ ಕಿವಿಯ ಯಂತ್ರ ಫೋನಿನ ಹತ್ತಿರ ಹೋದರೆ ಸಿಳ್ಳೆ ಹಾಕುತ್ತದೆ ಎಂದು ಗೊತ್ತಿದ್ದೂ ನನ್ನ ಮಗ ಮುಖ್ಯವಾದದ್ದನ್ನೆಲ್ಲ ಫೋನಿನಲ್ಲೇ ಹೇಳುತ್ತಾನೆ. ಮೊಮ್ಮಗ ಹೆರ್ವರ್‌ಗೆ ಏನೋ ಆಗಿದೆ ಎಂಬಷ್ಟು ಕೇಳಿಸಿತು. ಏನು ಎಂಬುದು ಸಿಳ್ಳೆಯಲ್ಲಿ ಹೋಯಿತು. ಕೊನೆಗೆ ಪಕ್ಕದ ಮನೆಯ ಥೋರಾಳ ಕೈಗೆ ಫೋನ್ ಕೊಟ್ಟೆ. ಅವಳು ಕೇಳಿಸಿಕೊಂಡು, "ಆಟಿಸಂ ಅಂತೆ ಕಣೇ ಯೋಫ್ರೀದುರ್" ಎಂದಳು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಆದ್ದರಿಂದ ಇನ್ನು ಮುಂದೆ ಪತ್ರವೇ ಇರಲಿ.

ಡಾಕ್ಟರರು ಓದಿದವರು, ನಾನು ಅವರ ಜೊತೆ ಜಗಳಕ್ಕೆ ಹೋಗುವುದಿಲ್ಲ. ಆದರೆ ನಮ್ಮ ಕಡೆ ಅಂಥದ್ದು ಯಾರಿಗೂ ಇರಲಿಲ್ಲ. ನಿನ್ನ ಮಾವನನ್ನೇ ತೆಗೆದುಕೊ. ಆಲೂಗಡ್ಡೆ ಮೀನಿಗೆ ತಾಗಿದರೆ ತಟ್ಟೆಯನ್ನೇ ಪಕ್ಕಕ್ಕೆ ಸರಿಸುತ್ತಿದ್ದರು. ಮನೆಗೆ ನೆಂಟರು ಬಂದರೆ ದೋಣಿ ಶೆಡ್ಡಿಗೆ ಹೋಗಿ ಮೊಳೆಗಳನ್ನು ಉದ್ದದ ಪ್ರಕಾರ ಜೋಡಿಸುತ್ತ ಕೂರುತ್ತಿದ್ದರು. ಹೀಗೆ ಎಲ್ಲ ರೀತಿಯಲ್ಲೂ ಸರಿಯಾಗಿಯೇ ಇದ್ದ ಮನುಷ್ಯ.

ಚಿಕ್ಕವನು ಹೇಗಿದ್ದಾನೆ? ಹೆಸರು ಏನಿಡುತ್ತೀರಿ ಎಂದು ನಾನು ಕೇಳುತ್ತಿಲ್ಲ. ಚರ್ಚಿನಲ್ಲಿ ಪಾದ್ರಿ ತಲೆಗೆ ನೀರು ಹಾಕುವ ಮೊದಲು ಹೆಸರು ಕೇಳಬಾರದು, ಹೇಳಬಾರದು. ಅಷ್ಟು ನನಗೂ ಗೊತ್ತು. ನಿನ್ನ ಮಾವನ ಹೆಸರು ಒಂದು ಆಯುಷ್ಯವಿಡೀ ರಿಪೇರಿ ಇಲ್ಲದೆ ಬಾಳಿಕೆ ಬಂತು ಎಂದಷ್ಟೇ ಹೇಳುತ್ತೇನೆ.

ನಿನ್ನ ಅತ್ತೆ
ಯೋಫ್ರೀದುರ್


ಈಸಾಫಿಯೋರ್ದುರ್
30 ಅಕ್ಟೋಬರ್ 2022

ಪ್ರೀತಿಯ ಅತ್ತೆಗೆ,

ಪತ್ರ ತಲುಪಿತು. ಹೆರ್ವರ್‌ಗೆ ಏನೂ "ಆಗಿಲ್ಲ" ಅತ್ತೆ. ಅವನು ಮೊದಲು ಹೇಗಿದ್ದನೋ ಈಗಲೂ ಹಾಗೇ ಇದ್ದಾನೆ. ಒಂದು ವರ್ಷ ನೋಡಿ, ಮಾತಾಡಿಸಿ, ಆಟವಾಡಿಸಿ ಡಾಕ್ಟರರು ಅದಕ್ಕೊಂದು ಹೆಸರು ಹೇಳಿದ್ದಾರೆ, ಅಷ್ಟೆ. ಶಿಶುವಿಹಾರದಲ್ಲಿ ಅವನಿಗೆಂದೇ ಈಗ ಒಬ್ಬ ಟೀಚರ್ ಇದ್ದಾರೆ. ಗಲಾಟೆ ಜಾಸ್ತಿಯಾದರೆ ಹೋಗಿ ಕೂರಲು ಒಂದು ಪುಟ್ಟ ಕೋಣೆ ಇದೆ. ಅವನಿಗೆ ಆರಾಮವಾಗಿದೆ.

ಈಗ ಅವನ ತಲೆಯಲ್ಲಿ ಇರುವುದು ಸುರಂಗ ಮಾತ್ರ. ದೇಶದ ಎಲ್ಲ ರಸ್ತೆ ಸುರಂಗಗಳ ಉದ್ದ ಹೇಳುತ್ತಾನೆ. ನಿನ್ನೆ ಕೇಳಿದ:

"ಅಮ್ಮ, ಅಜ್ಜಿ ಊರಿಗೆ ಸುರಂಗ ಯಾಕಿಲ್ಲ?"

"ಇನ್ನೂ ಕೊರೆದಿಲ್ಲ ಮಗಾ."

"ಅಜ್ಜಿ ಏನ್ ಮಾಡ್ತಿದ್ರು ಇಷ್ಟ್ ದಿನ?"

ಉತ್ತರ ನೀವೇ ಕೊಡಬೇಕು.

ಚಿಕ್ಕವನು ಚೆನ್ನಾಗಿದ್ದಾನೆ. ಮಧ್ಯಾಹ್ನ ತಳ್ಳುಗಾಡಿಯಲ್ಲಿ ಹೊರಗೆ ತಣ್ಣನೆ ಗಾಳಿಯಲ್ಲಿ ಚೆನ್ನಾಗಿ ನಿದ್ದೆ ಮಾಡುತ್ತಾನೆ. ಹಾಲು ಚೆನ್ನಾಗಿ ಕುಡಿಯುತ್ತಾನೆ. ಹುಟ್ಟಿದ ದಿನ ಹೆರ್ವರ್ ತೊಟ್ಟಿಲಿಗೆ ಇಣುಕಿ, "ಬನ್ ಥರ ಇದಾನೆ" ಎಂದು ಬನ್ನಿನ ಹೆಸರಿನಿಂದಲೇ ಬೊಲ್ಲ ಎಂದು ಕರೆದ. ಹೆಸರಿಡುವವರೆಗೆ ಮಗುವನ್ನು ಏನಾದರೂ ಕರೆಯಬೇಕಲ್ಲ, ಅದೇ ನಡೆಯುತ್ತಿದೆ. ನಿಜವಾದ ಹೆಸರನ್ನು ಫೆಬ್ರವರಿಯಲ್ಲಿ ಚರ್ಚಿನಲ್ಲೇ ಕೇಳುವಿರಂತೆ.

ನಿಮ್ಮ
ಸೋಲ್ರೂನ್


ಸೇದಿಸ್‌ಫಿಯೋರ್ದುರ್
7 ಫೆಬ್ರವರಿ 2023

ಪ್ರೀತಿಯ ಸೋಲ್ರೂನ್‌ಗೆ,

ಶುಕ್ರವಾರ ಬೆಳಿಗ್ಗೆ ಒಳ್ಳೆಯ ಬಟ್ಟೆ ಹಾಕಿಕೊಂಡು ಥೋರಾಳ ಗಂಡನ ಜೀಪಿನಲ್ಲಿ ಹೊರಟೆ. ಘಟ್ಟದ ಅರ್ಧಕ್ಕೆ ಹೋಗುವಷ್ಟರಲ್ಲಿ ಹಿಮ ತೆಗೆಯುವ ಲಾರಿಯೇ ಹಿಮದಲ್ಲಿ ಹೂತು ನಿಂತಿತ್ತು. ಅದರ ಡ್ರೈವರ್ ಇಳಿದು ಬಂದು, "ಅಮ್ಮಾ, ನಾನೇ ಹೋಗಕ್ಕಾಗ್ತಿಲ್ಲ, ನೀವ್ ಹೋಗ್ತೀರಾ?" ಎಂದ. ಹೀಗೆ ನನ್ನ ಮೊಮ್ಮಗನ ನಾಮಕರಣ ನಾನಿಲ್ಲದೆ ಆಯಿತು. ಸುರಂಗದ ವಿಷಯದಲ್ಲಿ ಹೆರ್ವರ್ ಹೇಳುವುದು ನೂರಕ್ಕೆ ನೂರು ಸರಿ ಎಂದು ಅವನಿಗೆ ತಿಳಿಸು.

ಶನಿವಾರ ಬೆಸ್ಸಿ ಫೋನಿನಲ್ಲಿ ಕೂಗಿ ಹೇಳಿದ ಹೆಸರನ್ನು ಸಿಳ್ಳೆಯ ನಡುವೆಯೂ ಮೊದಲ ಸಲಕ್ಕೇ ಕೇಳಿಸಿಕೊಂಡೆ. ಗುಟ್ಟೋರ್ಮುರ್! ನಿನ್ನ ಮಾವನ ಹೆಸರೇ! ಆಮೇಲೆ ನಾನು ಅಳುತ್ತಿದ್ದೆ ಎಂದು ಥೋರಾ ನಿನಗೆ ಹೇಳಿದರೆ ನಂಬಬೇಡ. ಈರುಳ್ಳಿ ಹೆಚ್ಚುತ್ತಿದ್ದೆ.

ಸ್ವೆಟರ್ ಕಳಿಸುತ್ತಿದ್ದೇನೆ. ಒಂದೇ ಒಂದು ಕೋರಿಕೆ. ಅಷ್ಟು ಒಳ್ಳೆಯ ಹೆಸರನ್ನು ಮೊಟಕು ಮಾಡಬೇಡಿ. ಗುಟ್ಟಿ, ಗುಟ್ಟು ಎಂದೆಲ್ಲ ಮುದ್ದು ಮಾಡಿದರೆ ನನಗೆ ಆಗುವುದಿಲ್ಲ. ಬಾಯಿ ತುಂಬ ಪೂರ್ತಿ ಕರೆಯಿರಿ.

ನಿನ್ನ ಅತ್ತೆ


ಈಸಾಫಿಯೋರ್ದುರ್
23 ಏಪ್ರಿಲ್ 2023

ಪ್ರೀತಿಯ ಅತ್ತೆಗೆ,

ಸ್ವೆಟರ್ ಬಂದು ಬಹಳ ದಿನವಾಯಿತು. ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಎಲ್ಲರೂ ಆರೋಗ್ಯ. ಹಿಮ ಕರಗುತ್ತಿದೆ. ಮೀನಿನ ಕಾರ್ಖಾನೆಯ ಪರೀಕ್ಷಾಲಯದಲ್ಲಿ ಕೆಲಸ ಜಾಸ್ತಿ.

ಗುಟ್ಟೋರ್ಮುರ್‌ನ ತೂಕ, ಉದ್ದ, ತಲೆಯ ಸುತ್ತಳತೆ ಎಲ್ಲವೂ ಇರಬೇಕಾದ ಮಿತಿಯೊಳಗೆ ಇವೆ. ಸದ್ದು ಮಾಡುತ್ತಾನೆ. ಎದುರಿಗೆ ಬಂದರೆ ನಗುತ್ತಾನೆ.

ಸುಮ್ಮನೆ ಒಂದು ಪ್ರಶ್ನೆ. ಬೆಸ್ಸಿ ಎಂಟು ತಿಂಗಳಿನವನಿದ್ದಾಗ ಕರೆದರೆ ತಿರುಗಿ ನೋಡುತ್ತಿದ್ದನೇ? ವಿಶೇಷವೇನಿಲ್ಲ, ಹಾಗೇ ಕೇಳಿದೆ.

ಸೋಲ್ರೂನ್


ಸೇದಿಸ್‌ಫಿಯೋರ್ದುರ್
2 ಮೇ 2023

ಪ್ರೀತಿಯ ಸೋಲ್ರೂನ್‌ಗೆ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ನಾನು ಮುದುಕಿ, ಆದರೆ ದಡ್ಡಿಯಲ್ಲ. ತಾನು ಕರೆದರೆ ಗಂಡ ತಿರುಗಿ ನೋಡುತ್ತಿಲ್ಲ ಎಂದು ಯಾವ ಸೊಸೆಯೂ ಅತ್ತೆಗೆ ನೇರವಾಗಿ ಬರೆಯುವುದಿಲ್ಲ, ಹೀಗೇ ಸುತ್ತುಬಳಸಿ ಬರೆಯುತ್ತಾಳೆ.

ಬೆಸ್ಸಿ ಎಂಟು ತಿಂಗಳಲ್ಲಿ ಬಿಡು, ಹದಿನೆಂಟು ವರ್ಷದಲ್ಲೂ ಕರೆದರೆ ತಿರುಗುತ್ತಿರಲಿಲ್ಲ. ನನ್ನ ಮಗನೆಂದು ನಾನು ಅವನ ಪರ ವಹಿಸುವವಳಲ್ಲ. ಏನು ಮಾಡಿದ್ದಾನೆ ಹೇಳು. ಮನೆಗೆ ತಡವಾಗಿ ಬರುತ್ತಿದ್ದಾನೆಯೇ? ಮಾತು ಬಿಟ್ಟಿದ್ದಾನೆಯೇ? ನಿನ್ನ ಮಾವ ಮಾತು ಬಿಟ್ಟಾಗ ನಾನು ಆಲೂಗಡ್ಡೆಯನ್ನು ಮೀನಿನ ಮೇಲೇ ಬಡಿಸುತ್ತಿದ್ದೆ. ಎರಡನೇ ದಿನಕ್ಕೆ ಬಾಯಿ ಬಿಡುತ್ತಿದ್ದರು.

ಅವನಿಗೂ ಒಂದು ಪತ್ರ ಹಾಕಿದ್ದೇನೆ. ಖಾರವಾಗಿದೆ.

ನಿನ್ನ ಅತ್ತೆ


ಈಸಾಫಿಯೋರ್ದುರ್
11 ಮೇ 2023

ಪ್ರೀತಿಯ ಅತ್ತೆಗೆ,

ನಿಮ್ಮ ಪತ್ರ ಓದಿ ಬೆಸ್ಸಿ ನನಗೆ ಹೂವು ತಂದುಕೊಟ್ಟ. ಯಾಕೆ ಎಂದು ಅವನಿಗೂ ಗೊತ್ತಿಲ್ಲ, ಪಾಪ. ನಮ್ಮಿಬ್ಬರ ನಡುವೆ ಏನೂ ಇಲ್ಲ. ನಾನು ಕೇಳಿದ್ದು ಮಗುವಿನ ವಿಷಯ. ನೇರವಾಗಿ ಬರೆಯದೆ ಹೋದದ್ದು ನನ್ನದೇ ತಪ್ಪು, ಈಗ ಬರೆಯುತ್ತೇನೆ.

ಗುಟ್ಟೋರ್ಮುರ್ ತನ್ನ ಹೆಸರು ಕರೆದರೆ ತಿರುಗುವುದಿಲ್ಲ.

ಹೆರ್ವರ್ ಕೂಡ ತಿರುಗುತ್ತಿರಲಿಲ್ಲ. ಆಗ ನನಗೆ ಅದು ಗೊತ್ತೇ ಆಗಿರಲಿಲ್ಲ. ಆಟದಲ್ಲಿ ಮುಳುಗಿದ್ದಾನೆ ಎಂದುಕೊಂಡಿದ್ದೆ. ಈ ಸಲ ಹಾಗಾಗಬಾರದೆಂದು ದಿನಾ ಪರೀಕ್ಷೆ ಮಾಡುತ್ತೇನೆ. ಅವನು ಎತ್ತರದ ಕುರ್ಚಿಯಲ್ಲಿ ಕೂತಿರುವಾಗ ಹಿಂದೆ ಹೋಗಿ ನಿಂತು, ಜೋರಾಗಿಯೂ ಅಲ್ಲ ಮೆಲ್ಲಗೂ ಅಲ್ಲ, ಪ್ರತಿ ಸಲ ಒಂದೇ ದನಿಯಲ್ಲಿ ಕರೆಯುತ್ತೇನೆ. ಅವನು ಚಮಚ ನೆಕ್ಕುತ್ತ ಕೂತಿರುತ್ತಾನೆ. ಎಂಟು ತಿಂಗಳ ತಪಾಸಣೆಯಲ್ಲಿ ನರ್ಸ್ ಸಾಲ್ಬ್ಯೋರ್ಗ್ ಕರೆದಾಗಲೂ ಅದೇ. ಕಿವಿ ಪರೀಕ್ಷೆ ಮಾಡಿಸಿದೆವು, ಚೆನ್ನಾಗಿ ಕೇಳಿಸುತ್ತದೆ. "ಅಣ್ಣನಿಗಿದ್ರೆ ತಮ್ಮನಿಗೆ ಇರೋ ಸಾಧ್ಯತೆ ಸ್ವಲ್ಪ ಜಾಸ್ತಿ, ನಿಜ. ಆದ್ರೆ ಬಹಳ ಮಕ್ಕಳಿಗೆ ಇರೋದಿಲ್ಲ. ಇಷ್ಟ್ ಬೇಗ ಯಾರೂ ಹೇಳಕ್ಕಾಗಲ್ಲ. ಮನೆಗೆ ಹೋಗಿ ಮಗೂನ ಆಡ್ಸಮ್ಮ" ಎಂದರು ಸಾಲ್ಬ್ಯೋರ್ಗ್. ಆಡಿಸಲು ಕೂತರೆ ಅದೂ ಪರೀಕ್ಷೆಯೇ ಆಗಿಬಿಡುತ್ತದೆ. ಚೆಂಡು ಉರುಳಿಸಿ, ಅವನು ಚೆಂಡು ನೋಡುತ್ತಾನೋ ನನ್ನನ್ನು ನೋಡುತ್ತಾನೋ ಎಂದು ಕಾಯುತ್ತೇನೆ.

ಅವನಲ್ಲಿ ಹೆರ್ವರ್ ಕಂಡರೆ ಹೆದರಿಕೆಯಾಗುತ್ತದೆ. ಹೆರ್ವರ್ ಕಂಡದ್ದಕ್ಕೆ ಹೆದರಿದೆನಲ್ಲ ಎಂದು ನಾಚಿಕೆಯಾಗುತ್ತದೆ. ಹೆರ್ವರ್ ಎಂಥ ಮಗು ಎಂದು ನಿಮಗೆ ಗೊತ್ತು. ಅವನಂಥ ಇನ್ನೊಬ್ಬ ಬಂದರೆ ಹೆದರಬೇಕಾದ್ದೇನು? ಆದರೂ ನಿದ್ದೆ ಬರುವುದಿಲ್ಲ. ಬೆಸ್ಸಿಗೆ ಇದನ್ನೆಲ್ಲ ಹೇಳಿಲ್ಲ. ಅವನು ನಿಶ್ಚಿಂತೆಯಿಂದ ಇದ್ದಾನೆ, ಹಾಗೇ ಇರಲಿ.

ಜೂನಿನಲ್ಲಿ ಕಾರ್ಖಾನೆಯವರು ನನ್ನನ್ನು ಎರಡು ವಾರದ ತರಬೇತಿಗೆ ರೇಕ್ಯಾವಿಕ್‌ಗೆ ಕಳಿಸುತ್ತಿದ್ದಾರೆ. ನೀವು ಬಂದು ಮನೆಯಲ್ಲಿರುತ್ತೀರಾ? ಬೆಸ್ಸಿಗೆ ಗೊತ್ತಾಗದ ಹಾಗೆ ಮಗುವನ್ನು ಹಿಂದಿನಿಂದ ಕರೆದು ನೋಡಿ. ಏನು ಕಂಡಿತೋ ಅದನ್ನೇ ಬರೆಯಿರಿ. ನನ್ನ ಮನಸ್ಸಿಗೆ ನೋವಾಗುತ್ತದೆಂದು ಬಣ್ಣ ಹಚ್ಚಬೇಡಿ.

ನಿಮ್ಮ
ಸೋಲ್ರೂನ್


ಈಸಾಫಿಯೋರ್ದುರ್, ನಿನ್ನದೇ ಅಡುಗೆಮನೆ
9 ಜೂನ್ 2023

ಸೋಲ್ರೂನ್,

ಬಣ್ಣ ಹಚ್ಚಬೇಡಿ ಎಂದಿದ್ದೆ. ಹಚ್ಚುವುದಿಲ್ಲ. ನನಗೆ ಬಹಳ ಕೋಪ ಬಂದಿದೆ.

ಮೊದಲು ನೀನು ಹೇಳಿದ ಕೆಲಸ. ಬಂದ ದಿನವೇ ಕುರ್ಚಿಯ ಹಿಂದೆ ನಿಂತು "ಗುಟ್ಟೋರ್ಮುರ್" ಎಂದೆ. ತಿರುಗಲಿಲ್ಲ. ಮಾರನೇ ದಿನ, ನಿನ್ನ ಮಾವನ ದೋಣಿ ಬಂದರಿಗೆ ಬರುವಾಗ ದಡದಿಂದ ಕರೆಯುತ್ತಿದ್ದೆನಲ್ಲ, ಆ ದನಿಯಲ್ಲಿ ಕರೆದೆ. ಎದುರು ಮನೆಯವರು ಕಿಟಕಿ ತೆರೆದು ನೋಡಿದರು. ಮಗು ನೋಡಲಿಲ್ಲ. ನನಗೆ ಅದರಿಂದ ಗಾಬರಿಯೇನೂ ಆಗಲಿಲ್ಲ. ಆ ಹೆಸರಿನ ಮೊದಲನೆಯವರೂ ನೋಡುತ್ತಿರಲಿಲ್ಲ.

ಕೋಪ ಬಂದದ್ದು ಆಮೇಲೆ. ಬೆಸ್ಸಿ ಕೆಲಸದಿಂದ ಬಂದವನು ಬಾಗಿಲಲ್ಲೇ, "ಎಲ್ಲೋ ನನ್ನ ಬೊಲ್ಲ?" ಎಂದ. ಮಗು ಕತ್ತು ಮುರಿದುಹೋಗುವ ಹಾಗೆ ತಿರುಗಿತು. ಮಕ್ಕಳನ್ನು ನೋಡಿಕೊಳ್ಳುವ ಇಂಗುನ್ ಬಂದಳು. "ಬೊಲ್ಲ ಇವತ್ತು ಎರಡು ಗಂಟೆ ಮಲಗಿದ್ದ" ಎಂದಳು. ಆಗಲೂ ತಿರುಗಿತು. ಅಂಚೆಯವನೂ ಕೂಡ "ಏನ್ ಬೊಲ್ಲಪ್ಪಾ" ಎನ್ನುತ್ತಾನೆ! ಚರ್ಚಿನಲ್ಲಿ ಪಾದ್ರಿಯ ಮುಂದೆ ನನ್ನ ಗಂಡನ ಹೆಸರು, ಮನೆಗೆ ಬಂದ ಮೇಲೆ ಕೆನೆ ತುಂಬಿದ ಬನ್ನಿನ ಹೆಸರು. ಇದೇನು ಹಬ್ಬಕ್ಕೆ ಮಾತ್ರ ಕಪಾಟಿನಿಂದ ತೆಗೆಯುವ ಪಿಂಗಾಣಿಯೇ?

ಹೆರ್ವರ್‌ನನ್ನು ಕೂರಿಸಿಕೊಂಡು ಬುದ್ಧಿ ಹೇಳೋಣವೆಂದುಕೊಂಡೆ.

"ನೋಡು ಮಗಾ, ತಮ್ಮನ ಹೆಸರು ಗುಟ್ಟೋರ್ಮುರ್."

"ಅದು ತಾತನ ಹೆಸರು."

"ತಾತ ಹೋಗ್ಬಿಟ್ರಲ್ಲ ಕಂದ. ಹೋದೋರ ಹೆಸರನ್ನೇ ಮಕ್ಕಳಿಗೆ ಇಡೋದು."

"ಅಜ್ಜಿ, ಹಾಗಾದ್ರೆ ನಿಮ್ಮ ಹೆಸರು ಯಾವಾಗ ಸಿಗುತ್ತೆ?"

"ಈಗ್ಲೇ ಇಲ್ಲ!" ಎಂದೆ.

"ಪರ್ವಾಗಿಲ್ಲ, ಅರ್ಜೆಂಟಿಲ್ಲ" ಎಂದ. ಆಮೇಲೆ ನನಗೇ ಬುದ್ಧಿ ಹೇಳಿದ. ಮಗು ಹುಟ್ಟಿದಾಗಿನಿಂದ ಬೊಲ್ಲ, ಸುರಂಗಕ್ಕೆ ಒಂದು ಸಲ ಹೆಸರಿಟ್ಟ ಮೇಲೆ ಯಾರೂ ಬದಲಾಯಿಸುವುದಿಲ್ಲ, ಬದಲಾಯಿಸಿದರೆ ಜನ ದಾರಿ ತಪ್ಪುತ್ತಾರೆ ಎಂದ. ನಾನು ಮತ್ತೆ "ಗುಟ್ಟೋರ್ಮುರ್" ಎಂದಾಗ ಕಿವಿ ಮುಚ್ಚಿಕೊಂಡು, "ಅಲ್ಲ, ಅಲ್ಲ, ಅಲ್ಲ" ಎಂದು ನಾನು ನಿಲ್ಲಿಸುವವರೆಗೂ ಕೂಗಿದ. ಈ ಮನೆಯಲ್ಲಿ ಎಲ್ಲರೂ ಯಾಕೆ ಸೋತಿದ್ದೀರಿ ಎಂದು ಆಗ ಗೊತ್ತಾಯಿತು.

ಆದರೆ ನಿನ್ನಿಂದ ನಾನು ಇದನ್ನು ನಿರೀಕ್ಷಿಸಿರಲಿಲ್ಲ. ನನ್ನ ಪತ್ರಗಳಲ್ಲಿ ಮಾತ್ರ ಗುಟ್ಟೋರ್ಮುರ್, ಗುಟ್ಟೋರ್ಮುರ್! ನಿನ್ನೆ ರಾತ್ರಿ ಬೆಸ್ಸಿಯ ಫೋನಿನಲ್ಲಿ ನಿನ್ನ ಮುಖ ಬಂತು. ನಾನು ಪಕ್ಕದಲ್ಲೇ ಸ್ವೆಟರ್ ಹೆಣೆಯುತ್ತ ಕೂತಿದ್ದೆ, ನಿನಗೆ ಕಾಣಿಸುತ್ತಿರಲಿಲ್ಲ. "ಬೊಲ್ಲಾ, ಅಮ್ಮನ ಬೊಲ್ಲಾ, ಎಲ್ಲಿದೀಯೋ" ಎಂದೆ. ಆ ಮಗು ನೆಲದ ಮೇಲೆ ಆ ತುದಿಯಿಂದ ಈ ತುದಿಗೆ ತೆವಳಿಕೊಂಡು ಬಂದ ವೇಗಕ್ಕೆ ತಲೆ ಮೇಜಿನ ಕಾಲಿಗೆ ಬಡಿಯಿತು. ಅತ್ತಿತು. ಅಳುತ್ತಲೇ ಫೋನಿನಲ್ಲಿದ್ದ ನಿನ್ನ ಮೂಗನ್ನು ನೆಕ್ಕಿತು.

ನೀನೂ ಅವರ ಜೊತೆ ಸೇರಿದ್ದೀಯ ಎಂದಾದರೆ ಆ ಹೆಸರು ಇಟ್ಟದ್ದಾದರೂ ಯಾಕೆ? ಇದಕ್ಕೆ ಉತ್ತರ ಬೇಕು.

ಯೋಫ್ರೀದುರ್


ರೇಕ್ಯಾವಿಕ್
13 ಜೂನ್ 2023

ನನ್ನ ಅತ್ತೆ, ನನ್ನ ಬಂಗಾರದ ಅತ್ತೆ,

ಇನ್ನೊಂದು ಸಲ ಬೈಯಿರಿ. ಎಷ್ಟು ಬೇಕಾದರೂ ಬೈಯಿರಿ.

ನಿಮ್ಮ ಪತ್ರವನ್ನು ತರಬೇತಿಯ ಊಟದ ಕೋಣೆಯಲ್ಲಿ ಓದಿದೆ. ನನ್ನ ನಗು ಕೇಳಿ ಎಲ್ಲರೂ ತಿರುಗಿದರು. ಆಮೇಲೆ ಅತ್ತುಬಿಟ್ಟೆ. ಈರುಳ್ಳಿ ಇರಲಿಲ್ಲ.

ನನ್ನ ಕೆಲಸ ಏನು ಹೇಳಿ? ಮೀನಿನ ಮಾದರಿಗಳನ್ನು ಪರೀಕ್ಷಿಸುವುದು. ಹೊಸದಾಗಿ ಸೇರುವ ಹುಡುಗಿಯರಿಗೆ ನಾನು ಮೊದಲು ಹೇಳಿಕೊಡುವ ಪಾಠ, ಡಬ್ಬಿಯ ಮೇಲಿನ ಚೀಟಿ ತಪ್ಪಾಗಿದ್ದರೆ ಒಳಗಿನ ಮೀನಿನ ಫಲಿತಾಂಶ ಎಷ್ಟೇ ಸರಿಯಿದ್ದರೂ ಕಸಕ್ಕೆ ಹಾಕಿ ಎಂಬುದು. ಅಂಥ ನಾನು ದಿನವಿಡೀ ಮಗುವನ್ನು ಬೊಲ್ಲ ಎಂದು ಕರೆದು, ಪರೀಕ್ಷೆಯ ಹೊತ್ತಿಗೆ ಮಾತ್ರ, ಎಲ್ಲ ನಿಯಮಪ್ರಕಾರ ಇರಬೇಕೆಂದು, ಸರ್ಕಾರದ ದಾಖಲೆಯಲ್ಲಿರುವ ಹೆಸರು ಹಿಡಿದು ಕರೆಯುತ್ತಿದ್ದೆ! ಬೊಲ್ಲ ಎಂದು ಕರೆಯುತ್ತೇನೆಂಬುದೇ ನನ್ನ ಗಮನಕ್ಕೆ ಬಂದಿರಲಿಲ್ಲ. ಪಾಪ, ಅವನ ಮಟ್ಟಿಗೆ ಗುಟ್ಟೋರ್ಮುರ್ ಎಂಬುದು ಊಟದ ಹೊತ್ತಿಗೆ ಬೆನ್ನ ಹಿಂದೆ ಬರುವ ಯಾವುದೋ ಸದ್ದು. ಫ್ರಿಜ್ ಗುಯ್‌ಗುಟ್ಟಿದರೆ ಯಾರು ತಿರುಗುತ್ತಾರೆ?

ಸಾಲ್ಬ್ಯೋರ್ಗ್‌ಗೆ ಫೋನ್ ಮಾಡಿದೆ. ಅವರು ತಮ್ಮ ಹಣೆ ಚಚ್ಚಿಕೊಂಡದ್ದು ಇಲ್ಲಿಗೆ ಕೇಳಿಸಿತು. "ಮನೇಲಿ ಏನಂತ ಕರೀತೀರಿ ಅಂತ ನಾನಾದ್ರೂ ಕೇಳ್ಬೇಕಿತ್ತು" ಎಂದರು. ಆದರೆ ನನ್ನನ್ನು ಪೂರ್ತಿ ಹಾರಲು ಬಿಡಲಿಲ್ಲ. "ತಿರುಗಿದ್ದು ಒಳ್ಳೇದು ಕಣಮ್ಮ. ಅದೊಂದ್ರಿಂದ್ಲೇ ಏನೂ ತೀರ್ಮಾನ ಆಗಲ್ಲ. ಹದಿನೆಂಟು ತಿಂಗಳಿಗೆ ಕರ್ಕೊಂಡ್ ಬಾ" ಎಂದರು. ಆಗಲಿ. ಹಾಗಾಗಿ ಇದು ಗೆಲುವೇನಲ್ಲ, ನನಗೆ ಗೊತ್ತು. ಆದರೂ ನಿನ್ನೆ ಹೊತ್ತು ಮೂಡುವವರೆಗೂ ನಿದ್ದೆ ಮಾಡಿದೆ. ಜೂನಿನಲ್ಲಿ ಇಲ್ಲಿ ಕತ್ತಲಾಗುವುದೇ ಇಲ್ಲ ಎನ್ನಬೇಡಿ, ನನ್ನ ಮಾತಿನ ಅರ್ಥ ನಿಮಗಾಯಿತು.

ಬೆಸ್ಸಿಗೂ ಎಲ್ಲ ಹೇಳಿಬಿಟ್ಟೆ. ಆ ನಿಶ್ಚಿಂತೆಯ ಮನುಷ್ಯ ಏನು ಹೇಳಿದ ಗೊತ್ತೇ? ಅವನೂ ಚಳಿಗಾಲದಿಂದ ಕದ್ದು ಪರೀಕ್ಷೆ ಮಾಡುತ್ತಿದ್ದನಂತೆ. ತಳ್ಳುಗಾಡಿಯ ಹಿಂದೆ ಬಗ್ಗಿ ಕಾರಿನ ಕೀಲಿ ಗಲಗಲ ಆಡಿಸಿ ಓಡಿಬಂದು ಮಗುವಿನ ಮುಖ ನೋಡುತ್ತಿದ್ದನಂತೆ. ನನಗೆ ಗೊತ್ತಾದರೆ ನಾನು ಹೆದರುತ್ತೇನೆಂದು ಹೇಳಿರಲಿಲ್ಲವಂತೆ. ತಳ್ಳುಗಾಡಿಯ ಹಿಂದೆ ಅಪ್ಪ, ಕುರ್ಚಿಯ ಹಿಂದೆ ಅಮ್ಮ. ಆ ಮಗು ನಮ್ಮಿಬ್ಬರ ಕಾಟಕ್ಕೆ ಬೇಸತ್ತು ತಿರುಗದೆ ಇದ್ದಿದ್ದರೂ ಆಶ್ಚರ್ಯವಿರಲಿಲ್ಲ.

ನಿಮ್ಮ ಪ್ರಶ್ನೆಗೆ ಉತ್ತರ: ಆ ಹೆಸರು ಇಟ್ಟದ್ದು ಮಾವ ನನಗೆ ಇಷ್ಟವಾಗಿದ್ದರು ಎಂದು. ನೆಂಟರು ಬಂದಾಗ ದೋಣಿ ಶೆಡ್ಡಿನಲ್ಲಿ ಅವರ ಜೊತೆ ನಾನೂ ಮೊಳೆ ಜೋಡಿಸುತ್ತಿದ್ದೆ, ನಿಮಗೆ ಗೊತ್ತಿರಲಿಲ್ಲ.

ನಿಮ್ಮ
ಸೋಲ್ರೂನ್


ಸೇದಿಸ್‌ಫಿಯೋರ್ದುರ್
20 ಆಗಸ್ಟ್ 2023

ಪ್ರೀತಿಯ ಸೋಲ್ರೂನ್‌ಗೆ,

ನನ್ನ ಕೋಪ ಇಳಿದಿದೆ, ಆದರೆ ಪೂರ್ತಿ ಇಳಿದಿಲ್ಲ. ಮೊದಲ ಹುಟ್ಟುಹಬ್ಬದ ಕೇಕಿನ ಮೇಲೂ "ಬೊಲ್ಲ" ಎಂದೇ ಬರೆಸಿದ್ದೀರಿ, ಫೋಟೊ ಬಂದಿದೆ. ಇರಲಿ. ಶಾಲೆಗೆ ಸೇರಿದ ದಿನ ಟೀಚರ್ ಪೂರ್ತಿ ಹೆಸರು ಕೂಗುತ್ತಾರೆ, ಆಗ ಅವನೇ ಹುಡುಕಿಕೊಳ್ಳುತ್ತಾನೆ ಯಾರದು ಎಂದು.

ನಮ್ಮ ಲೈಬ್ರರಿಯಲ್ಲಿ ಆಟಿಸಂ ಬಗ್ಗೆ ಒಂದು ಪುಸ್ತಕ ಇತ್ತು, ತಂದು ಓದಿದೆ. ಡಾಕ್ಟರರು ನಿನ್ನ ಮಾವನ ಬಗ್ಗೆ ಇಡೀ ಪುಸ್ತಕ ಬರೆದಿದ್ದಾರೆ, ಹೆಸರು ಮಾತ್ರ ಹಾಕಿಲ್ಲ. ನಮ್ಮ ಕಡೆ ಯಾರಿಗೂ ಇಲ್ಲ ಎಂದು ಬರೆದಿದ್ದೆನಲ್ಲ, ಆ ಸಾಲನ್ನು ಹೊಡೆದುಹಾಕು.

ಥೋರಾಳಿಗೂ ಓದಲು ಕೊಟ್ಟೆ. ಎರಡೇ ದಿನದಲ್ಲಿ ವಾಪಸು ತಂದಳು. "ಯೋಫ್ರೀದುರ್, ಇದ್ರಲ್ಲಿ ನಮ್ಮೆಜಮಾನ್ರೂ ಇದಾರೆ ಕಣೇ" ಎಂದಳು.

ಹದಿನೆಂಟು ತಿಂಗಳ ತಪಾಸಣೆಯಲ್ಲಿ ಏನು ಹೇಳಿದರೂ ನನಗೆ ಬರಿ. ಒಳ್ಳೆಯದಾದರೂ, ಇನ್ನೊಂದಾದರೂ. ಇನ್ನೊಂದಾದರೆ ಏನು ಮಾಡಬೇಕೆಂದು ನಮ್ಮ ಮನೆಯಲ್ಲಿ ನನಗಿಂತ ಹೆಚ್ಚು ಅನುಭವ ಯಾರಿಗಿದೆ? ಆಲೂಗಡ್ಡೆಗೆ ಬೇರೆ ತಟ್ಟೆ.

ನಿನ್ನ ಅತ್ತೆ


ಈಸಾಫಿಯೋರ್ದುರ್
25 ಫೆಬ್ರವರಿ 2024

ಪ್ರೀತಿಯ ಅತ್ತೆಗೆ,

ತಪಾಸಣೆ ಗುರುವಾರ ಮುಗಿಯಿತು. ಶಾಲೆಗೆ ರಜೆಯಿದ್ದುದರಿಂದ ಹೆರ್ವರ್‌ನನ್ನೂ ಕರೆದುಕೊಂಡು ಹೋಗಿದ್ದೆವು. ಸಾಲ್ಬ್ಯೋರ್ಗ್ ಚಿತ್ರ ತೋರಿಸಿ ನಾಯಿ ಎಲ್ಲಿ ಎಂದರು. ಬೆರಳು ಮಾಡಿ ತೋರಿಸಿದ. ಗೊಂಬೆಗೆ ಊಟ ಮಾಡಿಸು ಎಂದರು. ಮಾಡಿಸಿ, ಗೊಂಬೆಯ ಬಾಯಿಯನ್ನೂ ಒರೆಸಿದ. ಪ್ರತಿಯೊಂದಕ್ಕೂ ಹಿಂತಿರುಗಿ, ನಾವು ನೋಡಿದೆವೋ ಇಲ್ಲವೋ ಎಂದು ನಮ್ಮ ಮುಖ ನೋಡುತ್ತಿದ್ದ. ಬೆಸ್ಸಿ ಕಾರಿನ ಕೀಲಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದ, ಅಭ್ಯಾಸಬಲ.

ಹೆರ್ವರ್ ಮೂಲೆಯಲ್ಲಿ ಕೂತು ಎಲ್ಲವನ್ನೂ ಗಮನಿಸುತ್ತಿದ್ದ. ಕೊನೆಗೆ ಎದ್ದು ಬಂದು ಸಾಲ್ಬ್ಯೋರ್ಗ್ ಎದುರು ನಿಂತ.

"ಇವ್ನಿಗೂ ಆಟಿಸಂ ಇದ್ಯಾ? ನನ್ ಥರಾನಾ?"

ಮನೆಯಲ್ಲಿ ನಾವು ಪಿಸುಗುಟ್ಟಿದ್ದನ್ನೆಲ್ಲ ಇವನು ಕೇಳಿಸಿಕೊಂಡಿದ್ದಾನೆ, ತನ್ನಂತಾಗುವುದಕ್ಕೆ ಅಪ್ಪ ಅಮ್ಮ ಹೆದರುತ್ತಿದ್ದಾರೆ ಎಂದು ತಿಳಿದಿದ್ದಾನೆ ಎಂದುಕೊಂಡೆ.

ಸಾಲ್ಬ್ಯೋರ್ಗ್ ಅವನಿಗೆ ಸುಳ್ಳು ಹೇಳಲಿಲ್ಲ. "ಇಲ್ಲ ಅಂತ ಕಾಣುತ್ತೆ ಕಣೋ. ಇನ್ನೂ ಚಿಕ್ಕೋನು, ಮುಂದೆ ಮತ್ತೆ ನೋಡ್ತೀವಿ. ಆದ್ರೆ ಈಗ ನೋಡಿದ್ರೆ ಇಲ್ಲ ಅನ್ಸುತ್ತೆ."

ಹೆರ್ವರ್‌ನ ಮುಖ ಇಳಿದುಹೋಯಿತು. ಅತ್ತೆ, ಅವನು ಆಸೆಯಿಟ್ಟುಕೊಂಡು ಬಂದಿದ್ದ. ಸ್ವಲ್ಪ ಹೊತ್ತು ತಮ್ಮನನ್ನು ಕನಿಕರದಿಂದ ನೋಡಿದ. ಆಮೇಲೆ ನಮ್ಮೆಲ್ಲರಿಗೂ ಸಮಾಧಾನ ಹೇಳುವವನ ಹಾಗೆ, "ಪರ್ವಾಗಿಲ್ಲ. ನಾನ್ ಹೇಳ್ಕೊಡ್ತೀನಿ" ಎಂದ.

ಸಾಲ್ಬ್ಯೋರ್ಗ್ ಕಿಟಕಿಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡರು. ಬೆಸ್ಸಿಗೆ ಇದ್ದಕ್ಕಿದ್ದಂತೆ ಕಾರು ಬೆಚ್ಚಗೆ ಮಾಡುವ ಕೆಲಸ ನೆನಪಾಗಿ ಹೊರಗೆ ಹೋದ. ನಾನು ಅಲ್ಲೇ ಕೂತು, ಇಷ್ಟು ದಿನ ನಾನು ಒಬ್ಬ ಮಗನಿಗಾಗಿ ಹೆದರಿದ್ದನ್ನು ಇನ್ನೊಬ್ಬ ಮಗ ಹಾರೈಸುತ್ತಿದ್ದನಲ್ಲ ಎಂದುಕೊಂಡು ಅವನನ್ನೇ ನೋಡುತ್ತ ಉಳಿದೆ.

ಪಾಠ ಅದೇ ಸಂಜೆ ಶುರುವಾಗಿದೆ. ಈಜುಕೊಳದ ಬಟ್ಟೆ ಬದಲಿಸುವ ಕೋಣೆಯಲ್ಲಿ ಕೂದಲು ಒಣಗಿಸುವ ಯಂತ್ರ ಶುರುವಾದಾಗ ಏನು ಮಾಡಬೇಕು ಎಂಬುದು ಮೊದಲನೆಯ ಪಾಠ. ಹೆರ್ವರ್ ಯಂತ್ರದ ಹಾಗೆ ಜೋರಾಗಿ ಸದ್ದು ಮಾಡಿ, ಎರಡೂ ಕಿವಿ ಮುಚ್ಚಿ ತೋರಿಸುತ್ತಾನೆ. ಶಿಷ್ಯ ಪ್ರತಿ ಸಲವೂ ಕಣ್ಣು ಮುಚ್ಚಿಕೊಂಡು, ಕೇಕೆ ಹಾಕಿ ನಗುತ್ತಾನೆ. ಗುರುಗಳು ತಾಳ್ಮೆ ಕಳೆದುಕೊಂಡಿಲ್ಲ.

ನಿಮ್ಮ
ಸೋಲ್ರೂನ್